ಒದ್ದೆ ಮಡಿಯ ಪೆಠಾರಿ

ಮೊನ್ನೆ ಹೆಪ್ಪಿಗೆ ಮೊಸರು ಕೇಳಲು ಪಕ್ಕದ ಮನೆಗೆ ಹೋಗಿದ್ದೆ. ಆ ಮನೆಯ ಸೊಸೆ ಅಟ್ಟದಿಂದ ಹಳೆಯ ಟ್ರಂಕೊಂದನ್ನು ಇಳಿಸಿಕೊಂಡು ನಡುಮನೆಯಲ್ಲಿ ಕೂತಿದ್ದಳು. ಮಗು ಅವಳ ಮಗ್ಗುಲಲ್ಲೇ ಆಡುತ್ತಿತ್ತು. ಮುಚ್ಚಳ ತೆಗೆದು, ಮೇಲಿದ್ದ ಸೀರೆಯನ್ನು ಎರಡು ಕೈಯಲ್ಲೂ ಹಿಡಿದು ಇನ್ನೇನು ಕೊಡವಬೇಕು, ಬಾಗಿಲಲ್ಲಿ ನಿಂತಿದ್ದ ನಾನು, “ಕೊಡವಬೇಡಮ್ಮ, ಮೊದ್ಲು ಮಗೂನ ಆಚೆ ಕಳಿಸು” ಎಂದು ಗದರಿಯೇಬಿಟ್ಟೆ. ಅವಳು ಬೆಪ್ಪಾಗಿ ನನ್ನ ಮುಖ ನೋಡಿದಳು. ಸೆರಗನ್ನು ಮೂಗಿಗೆ ಒತ್ತಿಕೊಂಡು, ಆ ಟ್ರಂಕನ್ನು ಅವಳ ಕೈಯಲ್ಲೇ ಹಿತ್ತಲಿಗೆ ಸಾಗಿಸಿದ ಮೇಲೆಯೇ ನಾನು ಕೂತದ್ದು. ಮೊಸರು ಮರೆತೇಹೋಯಿತು. ಮುದುಕಿಗೆ ಅಧಿಕಾರ ಚಲಾಯಿಸಲು ಒಂದು ನೆಪ ಬೇಕು ಎಂದು ಅವಳು ಅಂದುಕೊಂಡಿರಬೇಕು. ಅಂದುಕೊಳ್ಳಲಿ.

ಆ ಮುಗ್ಗಲು ವಾಸನೆ ಮೂಗಿಗೆ ತಾಕಿತೆಂದರೆ ನಾನು ಮದುವೆಯಾಗಿ ಮೈಸೂರಿಗೆ ಬಂದ ವರ್ಷದ ಮಳೆಗಾಲಕ್ಕೆ ಹೋಗಿ ನಿಲ್ಲುತ್ತೇನೆ. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಚಳ್ಳಕೆರೆ ಕಡೆಯವಳು. ನಮ್ಮೂರಲ್ಲಿ ಬಿಸಿಲೊಂದಕ್ಕೆ ಬರವಿಲ್ಲ, ಉಳಿದದ್ದಕ್ಕೆಲ್ಲ ಬರ. ಹಪ್ಪಳ ಹರವಿ ಒಳಗೆ ಹೋಗಿ ನಾಲ್ಕು ಮಾತಾಡಿ ಬರುವಷ್ಟರಲ್ಲಿ ಒಣಗಿ ಮುರಿಯುವ ಹಾಗಾಗಿರುತ್ತಿತ್ತು. ಬೂಷ್ಟು ಎಂದರೆ ಉಪ್ಪು ಸಾಲದ ಉಪ್ಪಿನಕಾಯಿಯ ಮೇಲೆ ಕಟ್ಟುವುದು ಎಂದಷ್ಟೇ ನನಗೆ ಗೊತ್ತಿದ್ದದ್ದು. ಬಟ್ಟೆಗೂ ಬೂಷ್ಟು ಹಿಡಿಯುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಕೋಟೆಯ ಆಚೆಗಿದ್ದ ಅಗ್ರಹಾರದಲ್ಲಿ ನಮ್ಮ ಮನೆ. ಮುಂದೆ ಕಿರಿದು, ಒಳಗೆ ಉದ್ದ. ಎರಡು ಮಗ್ಗುಲಲ್ಲೂ ಬೇರೆಯವರ ಮನೆಯ ಗೋಡೆ ಅಂಟಿಕೊಂಡಿದ್ದರಿಂದ ನಡುಕೋಣೆಗೆ ಕಿಟಕಿಯೇ ಇರಲಿಲ್ಲ. ಮನೆಯಲ್ಲಿದ್ದದ್ದು ನಾಲ್ಕೇ ಜನ. ನನ್ನ ಅತ್ತೆ ಸೀತಮ್ಮ, ಅವರ ಮಗನಾದ ನನ್ನ ಯಜಮಾನರು, ಮಗಳು ಶಾರದೆ, ಆಮೇಲೆ ನಾನು. ಮಾವನವರು ಅರಮನೆಯ ಯಾವುದೋ ಇಲಾಖೆಯಲ್ಲಿ ಊಳಿಗದಲ್ಲಿದ್ದು, ನಾನು ಬರುವುದಕ್ಕೆ ಮುಂಚೆಯೇ ತೀರಿಕೊಂಡಿದ್ದರು. ಯಜಮಾನರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಜಗಳದ ವಾಸನೆ ಬಂದರೆ ಪೇಪರು ಬಿಡಿಸಿಕೊಂಡು ಕೂರುವುದು ಅವರ ಅಭ್ಯಾಸ. ಒಂದೇ ಪೇಪರನ್ನು ದಿನವಿಡೀ ಓದಬಲ್ಲ ಗಂಡಸನ್ನು ನಾನು ಮೊದಲು ನೋಡಿದ್ದು ಆ ಮನೆಯಲ್ಲಿ.

ವೈಶಾಖದಲ್ಲಿ ಮದುವೆ. ಹೊಸ ಸೊಸೆ ಆಷಾಢದಲ್ಲಿ ಅತ್ತೆಯ ಮನೆಯಲ್ಲಿ ಇರಬಾರದಲ್ಲ, ತವರಿಗೆ ಹೋದೆ. ಹೊರಟ ದಿನ ಶಾರದೆ ನನ್ನ ಜಟಕಾ ಹಿಂದೆಯೇ ಬೀದಿಯ ಕೊನೆಯವರೆಗೆ ಓಡಿಬಂದು, ಮರೆತಿದ್ದ ಬುತ್ತಿಯ ಗಂಟನ್ನು ಕೈಗಿತ್ತು, “ಬೇಗ ಬನ್ನಿ ಅತ್ತಿಗೆ, ಇಲ್ಲಿ ಮಾತಿಗೆ ಜನ ಇಲ್ಲ” ಎಂದಿದ್ದಳು. ಶ್ರಾವಣಕ್ಕೆ ಹಿಂತಿರುಗಿದಾಗ ಆ ಹುಡುಗಿ ಬಾಗಿಲಿಗೂ ಬರಲಿಲ್ಲ. ಒಳಗೆ ಹೋಗಿ ನೋಡಿದರೆ ಗೋಡೆಗೆ ಒರಗಿ, ಎರಡು ಕೈಯನ್ನೂ ಮಂಡಿಯ ಮೇಲೂರಿ ಕೂತಿದ್ದಳು. ಒಂದೊಂದು ಉಸಿರಿಗೂ ಭುಜ ಮೇಲೇಳುತ್ತಿತ್ತು. ಎದೆಯೊಳಗಿಂದ ಬೆಕ್ಕಿನ ಮರಿ ಕೂಗಿದ ಹಾಗೆ ಸಣ್ಣ ಸದ್ದು. ನನ್ನನ್ನು ನೋಡಿ ನಗಲು ಹೋಗಿ ಕೆಮ್ಮಿದಳು. ಹಿಂದಿನ ವರ್ಷವೂ ಮಳೆಗಾಲದಲ್ಲಿ ಹೀಗೇ ಆಗಿತ್ತಂತೆ, ಇಷ್ಟಾಗಿರಲಿಲ್ಲವಂತೆ.

ಅವಳಿಗೆ ಆಗ ಹದಿನೇಳೋ ಹದಿನೆಂಟೋ. ಎಸ್ಸೆಸ್ಸೆಲ್ಸಿ ಪಾಸಾಗಿ, ಹೆಣ್ಣುಮಕ್ಕಳ ಟೀಚರ್ಸ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು. ದಸರಾ ರಜ ಮುಗಿದ ಮೇಲೆ ಸೇರಬೇಕು. ಸೇರುವುದಕ್ಕೆ ಮುಂಚೆ ಸರ್ಕಾರಿ ಡಾಕ್ಟರು ಎದೆ ಪರೀಕ್ಷೆ ಮಾಡಿ, ಆರೋಗ್ಯವಾಗಿದ್ದಾಳೆ ಎಂದು ಬರೆದುಕೊಡಬೇಕು. ಅಪ್ಪನಿಲ್ಲದ ಮನೆಯಲ್ಲಿ ತನ್ನ ಅನ್ನ ತಾನು ದುಡಿಯಬೇಕು ಎಂಬ ಹಟ ಆ ಹುಡುಗಿಗೆ ಬಹಳ ಇತ್ತು. ಬಿಡುವಾದಾಗಲೆಲ್ಲ ನಡುಮನೆಯ ಗೋಡೆಯೆದುರು ನಿಂತು ಇಲ್ಲದ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಈಗ ನಾಲ್ಕು ವಾಕ್ಯ ಹೇಳುವಷ್ಟರಲ್ಲಿ ಉಸಿರು ಸಿಕ್ಕದೆ ಗೋಡೆ ಹಿಡಿದುಕೊಳ್ಳುವಳು. “ಡಾಕ್ಟರು ಕೊಳವೆ ಇಟ್ಟ ತಕ್ಷಣ ಈ ಸದ್ದು ಕೇಳ್ಸುತ್ತೆ ಅಲ್ವಾ ಅತ್ತಿಗೆ?” ಎಂದು ಒಂದು ದಿನ ಕೇಳಿದಳು. ನಾನು ಒಳಗೆ ಹೋಗಿ ಬಿಸಿನೀರು ತಂದುಕೊಟ್ಟೆ.

ಆ ಕಿಟಕಿಯಿಲ್ಲದ ನಡುಕೋಣೆಯಲ್ಲಿ ಒಂದು ಪೆಠಾರಿ ಇತ್ತು. ಆಳುದ್ದದ ಮರದ ಪೆಟ್ಟಿಗೆ. ಒಳಗೆ ಮನೆಯ ರೇಷ್ಮೆಯೆಲ್ಲ ಇರುತ್ತಿತ್ತು, ಮೇಲೆ ಹಾಸಿಗೆ ಹಾಸಿದರೆ ಮಂಚ. ಹಿಂದೆ ಅಜ್ಜಿ ಅದರ ಮೇಲೆ ಮಲಗುತ್ತಿದ್ದರಂತೆ. ಅಜ್ಜಿ ಹೋದ ಮೇಲೆ ಶಾರದೆ ಮಲಗತೊಡಗಿದಳು. ನನ್ನ ಮದುವೆಯಲ್ಲಿ ಉಟ್ಟ ಸೀರೆಗಳನ್ನೂ ಅದರಲ್ಲೇ ಇಟ್ಟಿದ್ದರು.

ಆ ಪೆಠಾರಿಯನ್ನು ಎಲ್ಲರೂ ಮುಟ್ಟುವಂತಿರಲಿಲ್ಲ. ಅತ್ತೆಯದು ಕಟ್ಟುನಿಟ್ಟಿನ ಮಡಿ. ಅಡುಗೆಗೆ ಪಟ್ಟೆ, ಎಂದರೆ ರೇಷ್ಮೆಯ ಮಡಿ ಸೀರೆಯೇ ಆಗಬೇಕು. ಆ ಪಟ್ಟೆಯನ್ನು ಮುಟ್ಟಬೇಕಾದರೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಬರಬೇಕು. ಒಣ ಬಟ್ಟೆಯಲ್ಲಿ ಮುಟ್ಟಿದರೆ ಮೈಲಿಗೆ. ಆದ್ದರಿಂದ ಪ್ರತಿದಿನ ಬೆಳಿಗ್ಗೆ ಅತ್ತೆ ಬಚ್ಚಲಿನಿಂದ ನೀರು ತೊಟ್ಟಿಕ್ಕುವ ಸೀರೆಯಲ್ಲಿ ಬಂದು, ಪೆಠಾರಿಯ ಮುಚ್ಚಳ ಎತ್ತಿ, ಒಳಗೆ ಬಗ್ಗಿ ಪಟ್ಟೆ ತೆಗೆದುಕೊಳ್ಳುತ್ತಿದ್ದರು. ಒಲೆಯ ಹಬೆ, ಬೆವರು ಎಲ್ಲ ಕುಡಿದ ಆ ಪಟ್ಟೆಯನ್ನು ಊಟವಾದ ಮೇಲೆ ಮಡಿಸಿ ಹಾಗೆಯೇ ಒಳಗಿಡುತ್ತಿದ್ದರು. ರೇಷ್ಮೆಗೆ ಮೈಲಿಗೆ ಇಲ್ಲ ಎಂಬುದು ಅವರ ನಂಬಿಕೆ, ಹಾಗಾಗಿ ಒಗೆಯುವ ಪ್ರಶ್ನೆಯೇ ಇರಲಿಲ್ಲ. ನಮ್ಮ ಊರಲ್ಲೂ ಇದೇ ಮಡಿ ಇತ್ತು, ಆದರೆ ಆ ಬಿಸಿಲಿನಲ್ಲಿ ಮನುಷ್ಯರೇ ಒಣಗುತ್ತಿದ್ದರು, ಇನ್ನು ಸೀರೆ ಯಾವ ಲೆಕ್ಕ.

ಇದರಲ್ಲಿ ಇನ್ನೊಂದು ವಿಷಯವಿತ್ತು. ಅಡುಗೆಯ ಹೊತ್ತಿಗೆ ಶಾರದೆಗೆ ಉಸಿರು ಕಟ್ಟಿದರೆ ಅತ್ತೆ ಓಡಿಬಂದು ಬೆನ್ನು ನೀವುವರು. ಎಷ್ಟಾದರೂ ಹೆತ್ತವರು. ಆದರೆ ಮಗಳನ್ನು ಮುಟ್ಟಿದ ಮೇಲೆ ಮಡಿ ಕೆಟ್ಟಿತು. ಮತ್ತೆ ಸ್ನಾನ, ಮತ್ತೆ ಒದ್ದೆ ಸೀರೆ, ಮತ್ತೆ ಪೆಠಾರಿಯ ಮುಚ್ಚಳ. ಮಗಳಿಗೆ ಹೆಚ್ಚಾದಷ್ಟೂ ಪೆಠಾರಿಯೊಳಕ್ಕೆ ನೀರು ಹೆಚ್ಚುತ್ತಿತ್ತು. ಇದು ಆಗ ನಮಗೆ ಯಾರಿಗೂ ಹೊಳೆಯಲಿಲ್ಲ.

ವಾಸನೆ ಮಾತ್ರ ಎಲ್ಲರಿಗೂ ಗೊತ್ತಾಗಿತ್ತು. ಅದಕ್ಕೆ ಅತ್ತೆ ಸಂಜೆ ಹೊತ್ತು ಕೋಣೆಗೆ ಸಾಂಬ್ರಾಣಿ ಹೊಗೆ ಹಾಕಿ ಬಾಗಿಲು ಮುಚ್ಚುತ್ತಿದ್ದರು. ಆ ಹೊಗೆಯಲ್ಲಿ ಮಲಗಿದ ಹುಡುಗಿ ಬೆಳಗಾಗುವಷ್ಟರಲ್ಲಿ ಇನ್ನಷ್ಟು ಸೊರಗಿ ಏಳುತ್ತಿದ್ದಳು. ಅಷ್ಟರಲ್ಲಿ ಪಕ್ಕದ ಮನೆಯ ವೆಂಕಮ್ಮ ಬಾವಿಯ ಕಟ್ಟೆಯ ಹತ್ತಿರ ನನ್ನನ್ನು ಕರೆದು, “ಏನಮ್ಮ, ನಿಮ್ಮ ನಾದಿನಿ ಕೆಮ್ಮು ಬಹಳ ದಿನದ್ದಾಯ್ತಲ್ಲ, ತೂಕಾನೂ ಇಳಿದ ಹಾಗಿದೆ” ಎಂದರು. ಕ್ಷಯ ಎಂಬ ಶಬ್ದ ಅವರ ಬಾಯಿಂದ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಕೊಡ ತಂದು ಇಳಿಸುತ್ತಾ ಅತ್ತೆಯ ಮುಖ ನೋಡಿದೆ, ಅವರಿಗೂ ಅದೇ ಭಯವಿತ್ತು.

ಊರ ಬಾಯಿಗೆ ಬೀಗ ಹಾಕಲಾಗುತ್ತದೆಯೇ. ಅಗ್ರಹಾರದ ಡಾಕ್ಟರ ಹತ್ತಿರ ಹೋದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಎಂದು, ಮಂಡಿ ಮೊಹಲ್ಲಾದಲ್ಲಿ ಒಬ್ಬ ವಯಸ್ಸಾದ ಸಾಹೇಬರ ದವಾಖಾನೆಗೆ ಹೋದೆವು. ಜಟಕಾಕ್ಕೆ ಪರದೆ ಕಟ್ಟಿಸಿ, ಅತ್ತೆ ತಲೆಯ ಮೇಲೆ ಸೆರಗು ಹೊದ್ದು, ಸಗಟು ಅಂಗಡಿಗಳ ಮೂಟೆಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಹೋದರೆ ಬೆಂಚಿನ ಮೇಲೆ ವೆಂಕಮ್ಮ ಕೂತಿದ್ದರು.

“ಏನು ಸೀತಮ್ಮನೋರೇ, ಈ ಕಡೆ?” ಎಂದರು.

“ಮಂಡಿಗೆ ಬೇಳೆ ತಗೊಳ್ಳೋಕೆ ಬಂದಿದ್ವಿ ಕಣ್ರೀ” ಎಂದರು ಅತ್ತೆ, ದವಾಖಾನೆಯ ಬೆಂಚಿನ ಮೇಲೆ ಕೂತುಕೊಳ್ಳುತ್ತಾ.

“ನಾನೂ ಬೇಳೆಗೇ ಬಂದೆ” ಎಂದರು ವೆಂಕಮ್ಮ. ಅವರಿಗೆ ಏನು ಕಾಯಿಲೆಯಿತ್ತೋ ನಮಗೆ ಕೊನೆಗೂ ಗೊತ್ತಾಗಲಿಲ್ಲ. ಆ ದಿನದ ನಂತರ ಬಾವಿಕಟ್ಟೆಯಲ್ಲಿ ಅವರು ಕೆಮ್ಮಿನ ಮಾತೆತ್ತಲಿಲ್ಲ.

ಡಾಕ್ಟರು ಶಾರದೆಯ ಎದೆಗೂ ಬೆನ್ನಿಗೂ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ದೊಡ್ಡಾಸ್ಪತ್ರೆಗೆ ಹೋಗಿ ಎದೆಯ ಎಕ್ಸ್‌ರೇ ತೆಗೆಸಿಕೊಂಡು ಬರಲು ಹೇಳಿದರು. ಅದನ್ನು ತೆಗೆದುಕೊಂಡು ಎರಡನೆಯ ಸಲ ಹೋದಾಗ ಬೆಳಕಿಗೆ ಹಿಡಿದು ನೋಡಿ, “ಹೆದರ್ಕೋಬೇಡಿ ತಾಯಿ, ಕ್ಷಯ ಗಿಯ ಏನೂ ಇಲ್ಲ. ಇದು ಉಬ್ಬಸ” ಎಂದರು. ಅತ್ತೆಗೆ ಅಳು ಬಂದುಬಿಟ್ಟಿತು. ಡಾಕ್ಟರು ಅದು ಕಾಣದವರ ಹಾಗೆ ಶಾರದೆಯನ್ನು ಕೇಳಿದರು: “ಮನೆ ಬಿಟ್ಟು ಬೇರೆ ಕಡೆ ಹೋದಾಗ ಹೆಂಗಿರುತ್ತಮ್ಮ?”

ಆಷಾಢದಲ್ಲಿ ಅವಳು ನಾಲ್ಕು ದಿನದ ಮಟ್ಟಿಗೆ ಶ್ರೀರಾಂಪುರದ ಚಿಕ್ಕಮ್ಮನ ಮನೆಗೆ ಹೋಗಿದ್ದಳಂತೆ. ಆಗೆಲ್ಲ ಶ್ರೀರಾಂಪುರ ಎಂದರೆ ಹೊಲಗದ್ದೆ, ಮೈಸೂರು ಮುಗಿದ ಮೇಲೆ ಸಿಗುವ ಊರು. “ಅಲ್ಲಿ ಮಳೇಲಿ ಹೊಲದ ಬದುವಿನ ಮೇಲೆಲ್ಲ ತಿರುಗಾಡ್ದೆ. ಒಂದು ದಿನಾನೂ ಹೀಗಾಗ್ಲಿಲ್ಲ” ಎಂದಳು.

“ಹಾಗಾದ್ರೆ ನಿಮ್ಮ ಮನೇಲೇ ಏನೋ ಇದೆ. ಧೂಳೋ, ತೇವವೋ, ಹೊಗೆಯೋ. ಔಷಧಿ ನಾನು ಕೊಡ್ತೀನಿ, ಅದನ್ನ ನೀವು ಹುಡುಕಿ. ಸಾಂಬ್ರಾಣಿ ಇವತ್ತಿಂದ ನಿಲ್ಸಿ” ಎಂದರು ಡಾಕ್ಟರು. ಟ್ರೈನಿಂಗಿನ ವಿಷಯ ಹೇಳಿದಾಗ ತಲೆಯಾಡಿಸಿ, “ಈ ಸದ್ದು ಇಟ್ಕೊಂಡು ಹೋದ್ರೆ ತಗೊಳ್ಳಲ್ಲ” ಎಂದರು. ಶಾರದೆ ಕಾಲಿನ ಹೆಬ್ಬೆರಳು ನೋಡುತ್ತಾ ಕೂತಳು.

ಹುಡುಕಾಟ ಶುರುವಾಯಿತು. ಅತ್ತೆ ಮೊದಲು ಹಿಡಿದದ್ದು ನನ್ನ ಚಳ್ಳಕೆರೆಯ ಕಂಬಳಿಯನ್ನು. ತವರಿನವರು ಆಸೆಪಟ್ಟು ಕೊಟ್ಟದ್ದು. “ಆ ಉಣ್ಣೆ ಜುಂಗೇ ಅವಳ ಮೂಗಿಗೆ ಹೋಗ್ತಿರೋದು” ಎಂದು ಅದನ್ನು ಸೌದೆಯ ಕೊಟ್ಟಿಗೆಗೆ ಸಾಗಿಸಿದರು. ಆಮೇಲೆ ದಿಂಬಿನ ಹತ್ತಿ, ಆಮೇಲೆ ಬೀದಿಯ ಚರಂಡಿ, ಆಮೇಲೆ ವೆಂಕಮ್ಮನ ಮನೆಯ ಬೆಕ್ಕು. ಪೆಠಾರಿಯ ಹೆಸರು ಮಾತ್ರ ಬರಲಿಲ್ಲ. ಮನೆಯಲ್ಲಿ ಎಲ್ಲಕ್ಕಿಂತ ಶುದ್ಧವಾದದ್ದೇ ಅದಲ್ಲವೇ.

ವರಮಹಾಲಕ್ಷ್ಮಿಯ ದಿನ ಬಂತು. ಆ ವರ್ಷ ವ್ರತಕ್ಕೆ ಕೂರಬೇಕಾದವಳು ನಾನು. “ಸ್ನಾನ ಮಾಡಿ ನೀನೇ ಪೆಠಾರಿಯಿಂದ ಸೀರೆ ತೆಗೆದುಕೋ. ನಿನಗೊಂದು, ಶಾರದೆಗೊಂದು. ಅವಳಿಗೆ ನನ್ನ ಹಸಿರು ಪಟ್ಟೆ ಕೊಡು, ತಳದಲ್ಲಿದೆ” ಎಂದರು ಅತ್ತೆ. ಮೊದಲ ಸಲ ನಾನು ಒದ್ದೆ ಸೀರೆಯಲ್ಲಿ ಆ ಮುಚ್ಚಳ ಎತ್ತಿದೆ. ಬಗ್ಗಿದ ಕೂಡಲೇ ನನ್ನ ಜಡೆಯ ತುದಿಯಿಂದ ನೀರು ಟಪಟಪನೆ ರೇಷ್ಮೆಯ ಮೇಲೆ ಬಿತ್ತು. ಒರೆಸಲು ಕೈ ಇಟ್ಟೆ, ಸೆರಗಿನಿಂದ ಇನ್ನಷ್ಟು ನೀರು ಬಿತ್ತು. ಮೇಲಿನ ಸೀರೆಗಳು ನೋಡಲು ಚೆನ್ನಾಗಿಯೇ ಇದ್ದವು. ಹಸಿರು ಪಟ್ಟೆಗೆಂದು ತಳಕ್ಕೆ ಕೈ ಹಾಕಿದರೆ ಮೆತ್ತಗೆ, ತಣ್ಣಗೆ, ಏನೋ ಹಿಟ್ಟಿನಂಥದ್ದು ಬೆರಳಿಗೆ ಅಂಟಿತು. ದೀಪ ಹತ್ತಿರ ತಂದು ನೋಡಿದೆ. ಮಡಿಕೆಗಳ ಉದ್ದಕ್ಕೂ ಬಿಳಿ ಬೂಷ್ಟು, ಅದರ ಕೆಳಗೆ ಕಪ್ಪು ಚುಕ್ಕೆ. ಪೆಟ್ಟಿಗೆಯ ಹಲಗೆಯೂ ಒದ್ದೆ.

ನಾನು ಅದನ್ನು ಅತ್ತೆಗೆ ಹೇಳಲು ಬಾಗಿಲವರೆಗೆ ಬರುವಷ್ಟರಲ್ಲಿ ಶಾರದೆ ಕೋಣೆಗೆ ಬಂದು ಹಸಿರು ಸೀರೆಯನ್ನು ಎತ್ತಿಕೊಂಡಿದ್ದಳು. ಅಮ್ಮನ ಸೀರೆ ಉಡುವ ಆಸೆ ಅವಳಿಗೆ. ಬಿಡಿಸಿ ಒಂದು ಸಲ ಕೊಡವಿದಳು ಅಷ್ಟೇ. ಆ ದಿನ ಅವಳಿಗೆ ಬಂದ ಉಬ್ಬಸವನ್ನು ನಾನು ಮರೆಯಲಾರೆ. ತುಟಿ ನೀಲಿಗಟ್ಟಿತು. ಯಜಮಾನರು ಪೇಪರು ಎಸೆದು, ಅವಳನ್ನು ಎತ್ತಿಕೊಂಡು ಬಂದು ಬೀದಿ ಜಗುಲಿಯ ಮೇಲೆ ಕೂರಿಸಿದರು, ಗಾಳಿಗೆ. ಬಹಳ ಹೊತ್ತಿನ ಮೇಲೆ ಡಾಕ್ಟರ ಔಷಧಿಗೆ ಉಬ್ಬಸ ಇಳಿಯಿತು. ಕಲಶದ ಮುಂದೆ ದೀಪ ಒಂಟಿಯಾಗಿ ಉರಿಯುತ್ತಿತ್ತು.

“ಅತ್ತೆ, ಪೆಠಾರಿ ತಳದಲ್ಲೆಲ್ಲ ಬೂಷ್ಟು ಹಿಡಿದಿದೆ. ಅವಳು ಮಲಗೋದು ಅದರ ಮೇಲೆ” ಎಂದೆ.

“ಪಟ್ಟೆ ಇಟ್ಟಿರೋ ಪೆಟ್ಟಿಗೆ ಅದು” ಎಂದರು ಅತ್ತೆ. “ಮಡಿ ಇಲ್ಲದೆ ಒಂದು ಕೈ ಅದನ್ನ ಮುಟ್ಟಿಲ್ಲ. ಅದರಿಂದ ಕಾಯಿಲೆ ಬರುತ್ತೆ ಅಂತ ಹೇಳ್ತೀಯಲ್ಲ, ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ.”

“ಮಡಿಯಿಂದಾನೇ ಬಂದದ್ದು ಅತ್ತೆ. ದಿನಾ ಅದಕ್ಕೆ ನೀರು ಹಾಕ್ತಿದೀವಿ, ಗಿಡಕ್ಕೆ ಹಾಕೋ ಹಾಗೆ.”

ಹೊಸ ಸೊಸೆ ಆಡುವ ಮಾತಲ್ಲ ಅದು. ಅತ್ತೆ ನನ್ನನ್ನು ಒಮ್ಮೆ ನೋಡಿ ಒಳಗೆ ಹೋದರು. ಯಜಮಾನರು ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಹಾಗೆ ಆ ಬಾಗಿಲನ್ನೂ ಈ ಬಾಗಿಲನ್ನೂ ನೋಡಿ, ಪೇಪರು ಎಲ್ಲಿ ಬಿದ್ದಿದೆ ಎಂದು ಹುಡುಕತೊಡಗಿದರು. ನನಗೆ ಕೋಪ ಬಂತು. “ಓದಿದ್ದು ಸಾಕು, ನಿಮ್ಮ ತಂಗಿ ಇವತ್ತಿಂದ ನಡುಮನೇಲಿ ಮಲಗ್ತಾಳೆ” ಎಂದೆ. ಅದಕ್ಕೆ ಮಾತ್ರ ಯಾರೂ ಬೇಡವೆನ್ನಲಿಲ್ಲ.

ನಡುಮನೆಯಲ್ಲಿ ಮಲಗಿದ ಮೇಲೆ ಶಾರದೆಗೆ ಸ್ವಲ್ಪ ವಾಸಿಯಾಯಿತು. ಪೂರ್ತಿಯಲ್ಲ. ಬೆಳಿಗ್ಗೆ ಪೆಠಾರಿಯ ಮುಚ್ಚಳ ಕಿರ್ರೆಂದ ಸ್ವಲ್ಪ ಹೊತ್ತಿಗೆ ಅವಳ ಕೆಮ್ಮು ಕೇಳಿಸುತ್ತಿತ್ತು. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದರು. ಆದರೆ ಆ ಕೆಮ್ಮು ಕೇಳಿದಾಗಲೆಲ್ಲ ಸೌಟು ಹಿಡಿದ ಅವರ ಕೈ ನಿಲ್ಲುವುದನ್ನು ನಾನು ನೋಡುತ್ತಿದ್ದೆ. ಅವರು ಮೊಂಡರೇ ಹೊರತು ದಡ್ಡರಲ್ಲ.

ಗೌರಿಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ನನ್ನನ್ನು ಕೂಗಿದರು. ಹೋಗಿ ನೋಡಿದರೆ ಪೆಠಾರಿಯ ಸೀರೆಗಳನ್ನು ಒಂದು ಪಕ್ಕಕ್ಕೆ ಸರಿಸಿ, ತಳಕ್ಕೆ ತೋಳಿಳಿಸಿ ನಿಂತಿದ್ದರು. ಕೈಯಲ್ಲಿ ಅವರ ಧಾರೆ ಸೀರೆ. ನಡುವೆ ಅದು ಸೀರೆಯಾಗಿ ಉಳಿದಿರಲಿಲ್ಲ, ಹಿಡಿದ ಕಡೆ ಪುಡಿಯಾಗಿ ಕಿತ್ತು ಬರುತ್ತಿತ್ತು.

“ಇದೆಲ್ಲ ಅವಳಿಗೇ ಕಣೇ ಇಟ್ಟಿದ್ದು” ಎಂದರು. “ಅವರಪ್ಪ ಹೋದ ಮೇಲೆ ಈ ಜರಿ ಸೀರೆ ನಾನು ಉಡೋ ಹಾಗಿಲ್ಲ. ಒಂದೂ ಹಾಳಾಗಬಾರದು, ಶಾರದೆ ಮದುವೆಗೆ ಬೇಕು ಅಂತ ಯಾರನ್ನೂ ಮುಟ್ಟಿಸ್ದೆ ಕಾದೆ.” ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟರು. ಮಗಳಿಗೆಂದು ಕೂಡಿಟ್ಟದ್ದೇ ಮಗಳ ಉಸಿರಿಗೆ ಅಡ್ಡ ನಿಂತಿತ್ತು. ನನ್ನ ಕೋಪವೆಲ್ಲ ಇಳಿದುಹೋಯಿತು. ಅವರ ಪಕ್ಕದಲ್ಲಿ ಕೂತು ನಾನೂ ಕಣ್ಣೀರು ಹಾಕಿದೆ.

ಅತ್ತು ಮುಗಿಸಿ ಅವರು ಮೂಗು ಒರೆಸಿಕೊಂಡು, ತೀರ್ಪು ಕೊಡುವವರ ಹಾಗೆ ಹೇಳಿದರು. “ಇದನ್ನೆಲ್ಲ ಬಿಸಿಲಿಗೆ ಹಾಕೋಣ. ಸೂರ್ಯನಾರಾಯಣನಿಗಿಂತ ಮಡಿ ಯಾರಿದಾರೆ? ಅವನು ಯಾವತ್ತಾದ್ರೂ ಒದ್ದೆ ಬಟ್ಟೆ ಉಟ್ಕೊಂಡು ಬಂದಿದಾನಾ? ಅವನು ಮುಟ್ಟಿದ್ದನ್ನ ಒಣ ಬಟ್ಟೇಲಿ ಮುಟ್ಟಿದ್ರೂ ತಪ್ಪಿಲ್ಲ.”

ಯಾವ ಶಾಸ್ತ್ರದಲ್ಲಿತ್ತೋ ನನಗೆ ಗೊತ್ತಿಲ್ಲ. ನಾನು ಕೇಳಲೂ ಇಲ್ಲ.

ಯಜಮಾನರು ಮತ್ತೆ ಡಾಕ್ಟರ ಹತ್ತಿರ ಹೋಗಿ ಹೇಗೆ ಮಾಡಬೇಕೆಂದು ಕೇಳಿಕೊಂಡು ಬಂದರು. ಶಾರದೆ ಆ ದಿನಗಳಲ್ಲಿ ಮನೆಯಲ್ಲಿ ಇರಕೂಡದು. ಒಳಗೆ ಒಂದು ಬಟ್ಟೆಯನ್ನೂ ಕೊಡವಕೂಡದು, ಕೊಡವಿದರೆ ಬೂಷ್ಟಿನ ಪುಡಿ ಮನೆಯೆಲ್ಲ ಹರಡುತ್ತದೆ. ಮುಟ್ಟುವವರು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಮುಗಿದ ಮೇಲೆ ಸ್ನಾನ ಮಾಡಿ ಉಟ್ಟ ಬಟ್ಟೆಯನ್ನೂ ಒಗೆಯಬೇಕು. “ಸ್ನಾನದ ವಿಷಯ ನಮಗೆ ಹೇಳಬೇಕಾ ಅವರು” ಎಂದರು ಅತ್ತೆ. ಮಾತು ಬಿಟ್ಟ ಮೇಲೆ ಅವರು ನಕ್ಕದ್ದು ಆಗಲೇ.

ಶಾರದೆಯನ್ನು ಶ್ರೀರಾಂಪುರಕ್ಕೆ ಕಳಿಸಿದೆವು. ಮಳೆ ಹೊಳವು ಕೊಟ್ಟ ದಿನ ನೋಡಿ, ಚಾಮುಂಡಿ ಬೆಟ್ಟದ ನೆತ್ತಿ ಸ್ಪಷ್ಟವಾಗಿ ಕಾಣುವುದನ್ನು ಖಚಿತಪಡಿಸಿಕೊಂಡು ಕೆಲಸಕ್ಕೆ ಇಳಿದೆವು. ಮೂವರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ನಿಂತಾಗ ದರೋಡೆಗೆ ಹೊರಟವರ ಹಾಗೆ ಕಾಣುತ್ತಿದ್ದೆವು. ಸೀರೆಗಳನ್ನು ಹಳೆಯ ಒದ್ದೆ ಪಂಚೆಯಲ್ಲಿ ಸುತ್ತಿ, ಹಿತ್ತಲ ಕಡಿದಾದ ಕಲ್ಲುಮೆಟ್ಟಿಲು ಹತ್ತಿ ಅಡುಗೆಮನೆಯ ಮೇಲಿದ್ದ ತಾರಸಿಗೆ ಸಾಗಿಸಿದೆವು. ಗಾಳಿಗೆ ಬೆನ್ನು ಮಾಡಿ ನಿಂತು ಮೆತ್ತನೆಯ ಬಟ್ಟೆಯಿಂದ ಬೂಷ್ಟು ಒರೆಸಿದೆವು. ನೂಲಿನ ಬಟ್ಟೆಗಳನ್ನು ಸೋಡ ಹಾಕಿ ಹಂಡೆಯಲ್ಲಿ ಕುದಿಸಿ ಸುಡುಬಿಸಿಲಿಗೆ ಹಾಕಿದೆವು. ರೇಷ್ಮೆಗೆ ಅಷ್ಟು ಬಿಸಿಲು ಆಗದು. ಎಳೆಬಿಸಿಲಿಗೆ ಒಳಮಗ್ಗುಲು ಮಾಡಿ ಹರವಿ, ಅಂಟುವಾಳದ ತಣ್ಣೀರಿನಲ್ಲಿ ಅದ್ದಿ, ಹಿಂಡದೆ, ನೆರಳಿಗೆ ಒಣಗಿಸಿದೆವು. ರೇಷ್ಮೆ ನೀರಿಗಿಳಿದಾಗ ಅತ್ತೆ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡರು. ನೀರು ತಿರುಗಿ ಕಾಫಿಯ ಬಣ್ಣವಾದದ್ದನ್ನು ನೋಡಿ, “ಅಯ್ಯೋ, ಇದನ್ನೇ ಉಟ್ಟು ನಾನು ನೈವೇದ್ಯ ಮಾಡ್ತಿದ್ನಲ್ಲೇ” ಎಂದರು.

ಬರಿದಾದ ಪೆಠಾರಿಯನ್ನು ಹಿತ್ತಲಿಗೆ ತರುವುದು ಯಜಮಾನರಿಂದ ಆಗಲಿಲ್ಲ. ಹಾಲು ಹಾಕುತ್ತಿದ್ದ ನಿಂಗಮ್ಮ, “ಬುಡಿ ಬುದ್ಧಿ, ನೀವು ಅತ್ಲಾಗಿ ನಿಂತ್ಕಳಿ. ಪೇಪರ್ ಎತ್ತೋ ಕೈಗೆ ಇದು ಎಂಗೆ ಬಂದಾತು” ಎಂದು ತನ್ನ ತಮ್ಮನನ್ನು ಕರೆದುಕೊಂಡು ಬಂದು ಎತ್ತಿಸಿದಳು. ಅದುವರೆಗೂ ನಿಂಗಮ್ಮ ನಡುಮನೆಯ ಹೊಸಿಲನ್ನು ದಾಟಿದವಳಲ್ಲ. ಅತ್ತೆ ಬಾಗಿಲ ಪಕ್ಕಕ್ಕೆ ಸರಿದು ದಾರಿ ಬಿಟ್ಟರು, ಅಷ್ಟೇ. ಸೋಡ ಹಾಕಿದ ಬಿಸಿನೀರಿನಿಂದ ಪೆಟ್ಟಿಗೆ ತಿಕ್ಕಿ, ಬಾಯಿ ತೆರೆದು ಬಿಸಿಲು ಬಂದಾಗಲೆಲ್ಲ ಒಣಗಿಸಿದೆವು. ಕೋಣೆಗೆ ಹೊಸದಾಗಿ ಸುಣ್ಣ ಬಳಿಸಿ, ಸೂರಿನ ಒಂದು ಕಡೆ ಹೆಂಚು ತೆಗೆಸಿ ಗಾಜು ಹಾಕಿಸಿ, ಅದರ ಪಕ್ಕದಲ್ಲಿ ಗಾಳಿಗೆ ಕಿಂಡಿ ಬಿಡಿಸಿದೆವು. ಮೈಸೂರಿನ ಆ ಕತ್ತಲೆ ಕೋಣೆಗೆ ಬಿಸಿಲು ಮೊದಲು ಬಿದ್ದಾಗ ನನಗೆ ತವರಿನವರು ಬಂದಷ್ಟು ಸಂತೋಷವಾಯಿತು.

ಉಳಿಯದ ಸೀರೆಗಳೂ ಇದ್ದವು. ಜರಿಯ ಅಂಚು ಬಿಡಿಸಿಟ್ಟುಕೊಂಡು ಉಳಿದದ್ದನ್ನು ಹಿತ್ತಲ ಮೂಲೆಯ ಗುಂಡಿಗೆ ಹಾಕಿದೆವು. ಧಾರೆ ಸೀರೆಯನ್ನು ನಾನು ಪಕ್ಕಕ್ಕಿಟ್ಟಿದ್ದೆ, ಅತ್ತೆಗೆ ಇಟ್ಟುಕೊಳ್ಳುವ ಮನಸ್ಸಿರಬಹುದೆಂದು. ಅವರೇ ಅದನ್ನು ತಂದು ಗುಂಡಿಗೆ ಹಾಕಿದರು. “ಮೊದ್ಲು ಉಸಿರು, ಆಮೇಲೆ ಸೀರೆ” ಎಂದರು.

ಆಮೇಲೆ ಮನೆಯಲ್ಲಿ ಹೊಸ ಮಡಿ ಬಂತು. ಪೆಠಾರಿಯನ್ನು ಇಟ್ಟಿಗೆಗಳ ಮೇಲೆ, ಗೋಡೆಯಿಂದ ದೂರ ಇಟ್ಟೆವು. ಅತ್ತೆಯ ಪಟ್ಟೆಯನ್ನು ದಿನವೂ ನೀರಿನಲ್ಲಿ ಅದ್ದಿ ಎತ್ತರಕ್ಕೆ ಕಟ್ಟಿದ ಬಿದಿರಿನ ಗಳುವಿನ ಮೇಲೆ ಹರವಿಡುವುದು, ಬೆಳಿಗ್ಗೆ ಕೋಲಿನಿಂದ ತೆಗೆದುಕೊಳ್ಳುವುದು. ಪೆಠಾರಿಯನ್ನು ತೆರೆಯುವವರು ತಲೆ ಒರೆಸಿಕೊಂಡು, ಒಣ ಬಟ್ಟೆ ಉಟ್ಟು, ಒಣ ಕೈಯಲ್ಲಿ ತೆರೆಯಬೇಕು. ಅಪ್ಪಿತಪ್ಪಿ ನಾನು ಒದ್ದೆ ಜಡೆಯಲ್ಲಿ ಹತ್ತಿರ ಹೋದರೆ, “ಏ, ಮೈಲಿಗೆ ಮಾಡ್ತೀಯ, ದೂರ ನಿಲ್ಲು” ಎಂದು ಗದರುತ್ತಿದ್ದರು. ಹಿಂದೆ ಒಣ ಬಟ್ಟೆಗೆ ಗದರುತ್ತಿದ್ದಷ್ಟೇ ಜೋರು.

ಶಾರದೆ ಶ್ರೀರಾಂಪುರದಿಂದ ಬಂದಳು. ಹೊಸ ಸುಣ್ಣದ ಕೋಣೆಗೆ ಬಂದು ಸುತ್ತ ನೋಡಿ, ನಡುಮನೆಯ ಗೋಡೆಯೆದುರು ನಿಂತು ಮೆಲ್ಲಗೆ ಪಾಠ ಶುರು ಮಾಡಿದಳು. ಮೊದಮೊದಲು ಅವಳಿಗೆ ಧೈರ್ಯವಿರಲಿಲ್ಲ, ನಾಲ್ಕು ವಾಕ್ಯ ಹೇಳಿ ತಾನಾಗಿಯೇ ನಿಲ್ಲಿಸುತ್ತಿದ್ದಳು. ನಮಗೂ ಧೈರ್ಯವಿರಲಿಲ್ಲ. ಅವಳು ಗಂಟಲು ಸರಿಮಾಡಿಕೊಂಡರೂ ಮೂವರೂ ತಲೆಯೆತ್ತುತ್ತಿದ್ದೆವು. ಮುಂದೆ ಸರ್ಕಾರಿ ಡಾಕ್ಟರು ಬರೆದುಕೊಟ್ಟದ್ದು, ಅವಳು ಟ್ರೈನಿಂಗ್ ಮುಗಿಸಿ ಎಷ್ಟೋ ಮಕ್ಕಳಿಗೆ ಮಗ್ಗಿ ಕಲಿಸಿದ್ದು ಎಲ್ಲ ನಡೆಯಿತು. ಆದರೆ ಅವಳು ವಾಸಿಯಾದಳೆಂದು ನಮಗೆ ಗೊತ್ತಾದದ್ದು ಯಾವ ಡಾಕ್ಟರಿಂದಲೂ ಅಲ್ಲ.

ದಸರೆ ಹತ್ತಿರ ಬಂದಿತ್ತು. ಬನ್ನಿಮಂಟಪದಲ್ಲಿ ಪಂಜಿನ ಕವಾಯತಿನ ತಾಲೀಮು ಶುರುವಾಗಿದೆ ಎಂದು ಯಜಮಾನರು ಸುದ್ದಿ ತಂದಿದ್ದರು. ಹಬ್ಬಕ್ಕೆ ಮುಂಚೆ ಸೀರೆಗಳಿಗೆ ಇನ್ನೊಂದು ಗಾಳಿ ಕಾಣಿಸೋಣವೆಂದು ತಾರಸಿಯಲ್ಲಿ ಹರವಿದ್ದೆವು. ಅತ್ತೆ ಪಟ್ಟೆಯುಟ್ಟು ಒಲೆಯ ಮುಂದಿದ್ದರು. ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಬೆಟ್ಟದ ಕಡೆಯಿಂದ ಮೋಡ ಯಾವಾಗ ಬಂತೋ ಗೊತ್ತಿಲ್ಲ, ದಪ್ಪ ಹನಿ ಬೀಳತೊಡಗಿತು. ನಾನು ಕೈ ತೊಳೆದು ಏಳುವಷ್ಟರಲ್ಲಿ ಶಾರದೆ ನನ್ನನ್ನು ದಾಟಿಕೊಂಡು ಆ ಕಡಿದಾದ ಮೆಟ್ಟಿಲುಗಳನ್ನು ಓಡಿ ಹತ್ತಿದ್ದಳು. ನೋಡನೋಡುತ್ತಿದ್ದಂತೆ ಎರಡು ತೋಳಿನ ತುಂಬ ರೇಷ್ಮೆ ತಬ್ಬಿಕೊಂಡು ಓಡಿಯೇ ಇಳಿದು ಬಂದಳು. ಅತ್ತೆ ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತಿದ್ದರು.

“ಒಂದೂ ನೆನೀಲಿಲ್ಲ ಕಣಮ್ಮ” ಎಂದಳು ಶಾರದೆ.

ಅತ್ತೆ ಸೀರೆಗಳ ಕಡೆ ನೋಡಲೇ ಇಲ್ಲ. “ಇನ್ನೊಂದ್ಸಲ ಹತ್ತಿ ಬಾ” ಎಂದರು.

“ಯಾಕಮ್ಮ? ಎಲ್ಲಾ ತಂದಾಯ್ತಲ್ಲ.”

“ಇರಲಿ. ಹತ್ತಿ ಬಾ.”

ಶಾರದೆ ನನ್ನ ಮುಖ ನೋಡಿದಳು. ನಾನು ಅವಳ ತೋಳಿನಿಂದ ಸೀರೆಗಳನ್ನು ಇಳಿಸಿಕೊಂಡೆ. ಆಗ ಅವಳಿಗೂ ಅರ್ಥವಾಯಿತು. ಲಂಗ ಎತ್ತಿ ಹಿಡಿದು, ಸುರಿಯುವ ಮಳೆಯಲ್ಲಿ ಮತ್ತೆ ಓಡಿ ಹತ್ತಿದಳು. ತುದಿಯಲ್ಲಿ ನಿಂತು ಅಗ್ರಹಾರಕ್ಕೆಲ್ಲ ಕೇಳುವ ಹಾಗೆ “ಬಂದೇ” ಎಂದು ಕೂಗಿ, ಅಷ್ಟೇ ಬೇಗ ಇಳಿದು ತಾಯಿಯ ಮುಂದೆ ನಿಂತಳು. ಮೈಯೆಲ್ಲ ತೊಯ್ದಿತ್ತು, ನಗುತ್ತಿದ್ದಳು. ಅತ್ತೆ ಕಿವಿಯನ್ನು ಅವಳ ಎದೆಗೆ ಒತ್ತಿಟ್ಟು ಕೇಳಿದರು. ಮಳೆಯ ಸದ್ದು ಬಿಟ್ಟರೆ ಬೇರೆ ಏನೂ ಕೇಳಿಸಿರಲಾರದು.

ಆಮೇಲೆ ತಾವು ಉಟ್ಟಿದ್ದ ಪಟ್ಟೆಯ ಸೆರಗನ್ನೇ ತೆಗೆದು ಮಗಳ ತಲೆ ಒರೆಸಿದರು. ಒಲೆಯ ಮೇಲೆ ಸಾರು ಇನ್ನೂ ಕುದಿಯುತ್ತಿತ್ತು. ಆ ದಿನ ಅವರು ಮತ್ತೆ ಸ್ನಾನ ಮಾಡಲಿಲ್ಲ.